ಜಪಾನೀ ಕಾದಂಬರಿಗಳಲ್ಲಿ ಲೋಕಾಂತರಜನ್ಮ

ಮೃತನಾದವನು ಪೂರ್ವಸ್ಮೃತಿಯೊಡನೆ ಬೇರೊಂದು ಲೋಕದಲ್ಲಿ ಹುಟ್ಟಿ ಬಾಳುವ ಕಥೆಗೆ ಜಪಾನೀಯರು ‘ಇಸೆಕಾಯಿ ತೆನ್ಸೇ’, ಎಂದರೆ ಅನ್ಯಲೋಕದ ಪುನರ್ಜನ್ಮ, ಎಂದು ಹೆಸರಿಟ್ಟಿರುತ್ತಾರೆ. ಈ ಜಾತಿಯ ಕಾದಂಬರಿಗಳು ಇತ್ತೀಚಿನವಾದರೂ ಅವುಗಳ ಬೀಜವು ಪ್ರಾಚೀನವಾದುದು. ಬೌದ್ಧಧರ್ಮದೊಡನೆ ಆ ದೇಶಕ್ಕೆ ಹೋದ ಜನ್ಮಾಂತರಕಲ್ಪನೆಯು 11ನೆಯ ಶತಮಾನದ ‘ಹಮಾಮತ್ಸು ಚೂನಾಗೊನ್ ಮೊನೊಗತಾರಿ’ಯಲ್ಲಿಯೇ ಕಥಾವಸ್ತುವಾಗಿರುವುದು. ಗತಿಸಿದ ತನ್ನ ತಂದೆಯು ಚೀನದಲ್ಲಿ ರಾಜಪುತ್ರನಾಗಿ ಹುಟ್ಟಿರುವನೆಂದು ತಿಳಿದ ಅದರ ನಾಯಕನು ಅವನನ್ನು ಕಾಣಲು ಕಡಲನ್ನು ದಾಟುತ್ತಾನೆ. ಮಿಶಿಮಾ ಯುಕಿಯೊ 1965ರಲ್ಲಿ ಪ್ರಾರಂಭಿಸಿದ ನಾಲ್ಕು ಕಾದಂಬರಿಗಳ ಮಾಲೆಗೂ ಈ ಗ್ರಂಥವೇ ಆಧಾರ.

ಈ ಹಳೆಯ ಸಂಪ್ರದಾಯದಲ್ಲಿ ಪುನರ್ಜನ್ಮವೆಂಬುದು ಋಣದ ವಿಷಯ. ನಮ್ಮ ಜನ್ನನ ‘ಯಶೋಧರಚರಿತೆ’ಯಲ್ಲಿಯೂ (1209) ಹಿಟ್ಟಿನ ಕೋಳಿಯ ಬಲಿಯೊಂದಕ್ಕಾಗಿ ತಾಯಿಮಕ್ಕಳು ಪಶುಪಕ್ಷಿಗಳಾಗಿ ಹುಟ್ಟಿ ನವೆಯುತ್ತಾರೆ, ಪೂರ್ವಜನ್ಮದ ಅರಿವು ಅಲ್ಲಿ ವೈರಾಗ್ಯಕ್ಕೆ ಕಾರಣ. ಹೊಸ ಕಾದಂಬರಿಗಳಲ್ಲಿಯಾದರೋ ಅದೇ ಅರಿವು ವ್ಯಾಪಾರದ ಬಂಡವಾಳದಂತೆ ಲಾಭಕ್ಕೆ ಒದಗುವುದು. ಇವುಗಳ ಗುಣದೋಷಗಳೆರಡಕ್ಕೂ ಈ ವ್ಯತ್ಯಾಸವೇ ಮೂಲ.

2004ರಲ್ಲಿ ‘ಶೋಸೆತ್ಸುಕಾ ನಿ ನರೋ’, ಎಂದರೆ ‘ಕಾದಂಬರಿಕಾರರಾಗೋಣ’, ಎಂಬ ಅಂತರ್ಜಾಲತಾಣವು ಸ್ಥಾಪಿತವಾಗಿ, ಹವ್ಯಾಸಿಗಳು ತಮ್ಮ ಬರಹಗಳನ್ನು ಕಂತುಕಂತಾಗಿ ಪ್ರಕಟಿಸುವುದಕ್ಕೆ ಅವಕಾಶವಾಯಿತು. 2012ರಿಂದ 2015ರವರೆಗೆ ಅಲ್ಲಿ ಬಂದ ‘ಮುಶೊಕು ತೆನ್ಸೇ’ಯ ನಾಯಕನು 34 ವರ್ಷದ ನಿರುದ್ಯೋಗಿ, ಮನೆಯಿಂದ ಹೊರಬೀಳಲಾರದವನು. ಹೊಸ ಜನ್ಮದಲ್ಲಿ ಮಂತ್ರಶಕ್ತಿಯು ಕೈಗೂಡಿದರೂ ಹೊಸ್ತಿಲನ್ನು ದಾಟುವ ಭಯವು ಅವನನ್ನು ಬಿಡುವುದಿಲ್ಲ. ಈ ಚಿತ್ರವು ಸತ್ಯವಾದುದು. ಆದರೆ ಅವನ ಕಾಮದೋಷಗಳನ್ನು ಗ್ರಂಥಕರ್ತನು ಹಲವೆಡೆ ಹಾಸ್ಯದಲ್ಲಿ ತೇಲಿಸಿಬಿಡುವುದರಿಂದ, ಪಶ್ಚಾತ್ತಾಪಕ್ಕೆ ಸಲ್ಲಬೇಕಾದ ಗೌರವವು ಕುಂದುವುದು.

ಮಿಯಾ ಕಜುಕಿಯ ‘ಹೊಂಜುಕಿ ನೊ ಗೆಕೊಕುಜೋ’ (2013–2017) ಇದಕ್ಕಿಂತ ಹದವಾದ ಕೃತಿ. ಪುಸ್ತಕಗಳ ರಾಶಿಯಡಿ ಸತ್ತ ತರುಣಿಯೊಬ್ಬಳು, ಗ್ರಂಥಗಳು ಸಿರಿವಂತರ ಸೊತ್ತಾಗಿರುವ ನಾಡಿನಲ್ಲಿ, ಬಡಸೈನಿಕನ ರೋಗಿಷ್ಠ ಮಗಳಾಗಿ ಹುಟ್ಟುತ್ತಾಳೆ. ಕಾಗದವನ್ನು ಮಾಡುವ ರೀತಿಯನ್ನು ಅವಳು ಓದಿ ಬಲ್ಲಳು. ಕೈಗಳಿಗೆ ಮಾತ್ರ ಬಲವಿಲ್ಲ. ಮಣ್ಣಿನ ಫಲಕಗಳು ಸುಡುವಾಗ ಸಿಡಿಯುತ್ತವೆ. ಬರೆಯಲೆಂದು ಕೂಡಿಟ್ಟ ಮರದ ಪಟ್ಟಿಗಳು ತಾಯಿಯ ಒಲೆಗೆ ಸೌದೆಯಾಗುತ್ತವೆ. ಅರಿವಿಗೂ ಕಾರ್ಯಕ್ಕೂ ನಡುವಣ ಅಂತರವೇ ಇಲ್ಲಿ ಕಥೆಯಾಗಿರುವುದು.

ಮಿಕ್ಕ ಬಹುಪಾಲು ಅನುಕರಣಗಳಲ್ಲಿ ಈ ಅಂತರವಿಲ್ಲ. ದೈವದತ್ತವಾದ ಶಕ್ತಿಯಿಂದ ನಾಯಕನು ಗೆಲ್ಲುತ್ತಾನೆ. ಅವನು ಹೋದ ಲೋಕವು ಅವನನ್ನು ಹೊಗಳುವುದಕ್ಕಾಗಿಯೇ ಇರುವಂತೆ ತೋರುತ್ತದೆ. ಏಕರೂಪತೆಯು ಎಷ್ಟು ಬೆಳೆಯಿತೆಂದರೆ, 2016ರಲ್ಲಿ ಆ ತಾಣವೂ ಪಾಲ್ಗೊಂಡಿದ್ದ ಸಣ್ಣಕಥೆಗಳ ಸ್ಪರ್ಧೆಯೊಂದರಲ್ಲಿ ಲೋಕಾಂತರದ ಕಥೆಗಳಿಗೆ ಪ್ರವೇಶವನ್ನೇ ನಿಷೇಧಿಸಲಾಯಿತು.

ಆದುದರಿಂದ ದೋಷವು ವಸ್ತುವಿನದಲ್ಲ. ಎರಡನೆಯ ಬಾಳನ್ನು ಬಯಸುವುದು ಮನುಷ್ಯಸಹಜ. ಮೊದಲನೆಯ ಬಾಳಿನ ಲೆಕ್ಕವನ್ನು ತೀರಿಸದೆ ಎರಡನೆಯದನ್ನು ಕೊಡುವ ಕಥೆಯು ವಿನೋದವನ್ನು ಕೊಟ್ಟೀತು. ಜನ್ಮಾಂತರವೆಂಬ ಹೆಸರಿಗೆ ಅದು ಅರ್ಹವಾಗದು.