ಹಲಗಿ ಬಿಟ್ಟದ್ದೂ ಸರಿ, ಹಿಡಿಯೋದೂ ಸರಿ

ಸ್ವಲ್ಪ ಉದ್ದ ಆಗಿದೆ, ಪೂರ್ತಿ ಓದ್ರಿ.

ನಮ್ಮ ಕುರ್ಡಿಯಲ್ಲಿ ಏಪ್ರಿಲ್ 14ರ ಮೆರವಣಿಗೆ ಬಗ್ಗೆ ಸಭೆ ಕೂತಿತ್ತು. ಈ ಸಲ ಡಿಜೆ ಬೇಡ, ಹಲಗಿ ಬಾರಿಸೋಣ ಅಂದ್ರು ಹುಡುಗರು. ಹಿರಿಯರೊಬ್ಬರು ಎದ್ದು ನಿಂತರು. "ಅದನ್ನ ಬಿಡಾಕ ನಾವು ಊರ ಮಂದಿ ಕೂಡ ಜಗಳ ಆಡೀವಿ. ನೀವು ಮತ್ತ ಕೊಳ್ಳಾಗ ಹಾಕ್ಕೊಂತೀರೇನು?" ಹುಡುಗರು ಫೋನ್ ತೆಗೆದು ಚೆನ್ನೈನ 'ದಿ ಕಾಸ್ಟ್‌ಲೆಸ್ ಕಲೆಕ್ಟಿವ್' ಬ್ಯಾಂಡಿನ ವಿಡಿಯೋ ತೋರಿಸಿದರು. ಎಲ್ಲರೂ ನನ್ನ ಮುಖ ನೋಡಿದರು. ಯಾಕಂದ್ರೆ ಆ ಬ್ಯಾಂಡಿನ ಹುಚ್ಚು ಊರಿಗೆ ಹಿಡಿಸಿದವನು ನಾನೇ. ಆವತ್ತು ನನಗೆ ಉತ್ತರ ಹೊಳೀಲಿಲ್ಲ. ಇವತ್ತು ಬರೀತಿದ್ದೀನಿ.

ಮೊದಲು ಆ ಹಿರಿಯರ ಮಾತು. ನಮ್ಮ ಕಡೆ ಹಲಗಿ ಅನ್ನೋದು ಮಾದಿಗರ ಹೆಗಲಿಗೆ ಬಿದ್ದ ಚಾಕರಿ. ಸಾವು, ಜಾತ್ರೆ, ಡಂಗುರ, ಯಾವುದಕ್ಕೆ ಕರೆದರೂ ಹೋಗಬೇಕು. ಒಲ್ಲೆ ಅನ್ನೋ ಹಕ್ಕಿಲ್ಲ. ಕೂಲಿ ಅಂದ್ರೆ ಸುಗ್ಗಿಯಲ್ಲಿ ಸಿಗೋ ಒಂದಿಷ್ಟು ಜೋಳ. ದೇವರ ಮುಂದೆ ಬಾರಿಸಿದವನಿಗೆ ಗುಡಿಯೊಳಗೆ ಪ್ರವೇಶ ಇಲ್ಲ. ಒಂದಿಷ್ಟು ಜಮೀನು, ಕಾಳು ತೋರಿಸಿ ತಲೆತಲಾಂತರ ದುಡಿಸಿಕೊಳ್ಳೋ ಮಹಾರ್ ವತನದ ವಿರುದ್ಧ ಬಾಬಾಸಾಹೇಬರು 1928ರಲ್ಲೇ ಬಾಂಬೆ ಶಾಸನ ಸಭೆಯಲ್ಲಿ ಮಸೂದೆ ತಂದಿದ್ದರು. ನಮ್ಮಲ್ಲಿ ಪ್ರೊ. ಬಿ. ಕೃಷ್ಣಪ್ಪನವರು 1974ರಲ್ಲಿ ಭದ್ರಾವತಿಯಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ ಮೇಲೆ ಎಷ್ಟೋ ಊರುಗಳಲ್ಲಿ ನಮ್ಮವರು ಹಲಗಿ ಕೆಳಗಿಟ್ಟರು. ಕಲೆಯ ಮೇಲಿನ ಸಿಟ್ಟಿಗೆ ಇಟ್ಟದ್ದಲ್ಲ ಅದು. ಬಿಟ್ಟಿ ಚಾಕರಿ ವಿರುದ್ಧ ಹೂಡಿದ ಮುಷ್ಕರ.

ಈಗ ಚೆನ್ನೈ ಕಥೆ. ಅಲ್ಲಿಯ ಪರೈ ನಮ್ಮ ಹಲಗಿಯ ಅಣ್ಣತಮ್ಮ. ಪರೈಯರ್ ಅನ್ನೋ ಜಾತಿಯ ಹೆಸರಿಂದಲೇ ಇಂಗ್ಲಿಷಿಗೆ 'ಪರಯ್ಯ' ಅನ್ನೋ ಪದ ಹೋಯ್ತು, ಬಹಿಷ್ಕೃತ ಅಂತ ಅರ್ಥ ಬಂತು. ಆ ಪರೈ 2018ರ ಜನವರಿ 6ರಂದು ಕಿಲ್ಪಾಕ್‌ನಲ್ಲಿ ಗಿಟಾರ್, ಡ್ರಮ್ಸ್ ಪಕ್ಕ ವೇದಿಕೆ ಏರಿತು. ನಿರ್ದೇಶಕ ಪಾ. ರಂಜಿತ್ ಅವರ ನೀಲಂ ಕಲ್ಚರಲ್ ಸೆಂಟರ್, ಸಂಗೀತಗಾರ ತೆನ್ಮಾ ಸೇರಿ ಕಟ್ಟಿದ ತಂಡ. ರಾಕ್, ರ್‍ಯಾಪ್, ಜೊತೆಗೆ ಉತ್ತರ ಚೆನ್ನೈನ ಕೇರಿಗಳಲ್ಲಿ ಸಾವಿನ ಮನೆ ಮುಂದೆ ಹಾಡುತ್ತಿದ್ದ ಗಾನಾ. ತಂಡದ ಹೆಸರು ಬಂದದ್ದು 'ಜಾತಿಯಿಲ್ಲದ ತಮಿಳರು' ಅಂತ ಹೇಳಿದ್ದ ಪಂಡಿತ ಅಯೋತಿ ದಾಸರಿಂದ (1845–1914). ಅವರ ಶಾಕ್ಯ ಬೌದ್ಧ ಸಂಘದ ಶಾಖೆ ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ ಇತ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ನನಗೆ ತಮಿಳು ಬರಲ್ಲ. ಸಬ್‌ಟೈಟಲ್ ಓದಿಕೊಂಡೇ ಅಭಿಮಾನಿ ಆದವನು. ಆಫೀಸಿನಲ್ಲಿ ಪ್ರಮೋಷನ್ ಲಿಸ್ಟ್ ಬಂದಾಗೆಲ್ಲ "ನಿಮ್ದೇನ್ ಬಿಡ್ರಿ, ಕೋಟಾ ಐತಿ" ಅಂತ ಕೇಳಿ ಕೇಳಿ ಸಾಕಾದವನಿಗೆ ಅವರ ಮೀಸಲಾತಿ ಹಾಡು ಕೇಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ನಾನು ಇಪ್ಪತ್ತು ವರ್ಷ ನುಂಗಿಕೊಂಡಿದ್ದನ್ನು ಅವರು ಕುಣೀತಾ ಹೇಳಿದ್ದರು. ದನದ ಮಾಂಸದ ಹಾಡೂ ಹಂಗೇ. ನಾಚಿಕೆ ಅನ್ನೋದು ಹತ್ತಿರ ಸುಳಿಯಲ್ಲ.

ಅಭಿಮಾನಿ ಅಂತ ಕಣ್ಣು ಮುಚ್ಚಿ ಹೊಗಳೋನಲ್ಲ ನಾನು. ಎರಡು ತಕರಾರು ಇವೆ. ಒಂದು, ವೇದಿಕೆ ಮೇಲೆ ಎದೆಗೆ ಗುದ್ದೋ ಪರೈ ರೆಕಾರ್ಡಿಂಗ್‌ನಲ್ಲಿ ಕೆಲವು ಕಡೆ ಗಿಟಾರಿನ ಹಿಂದೆ ಸರಿದುಬಿಡ್ತದೆ. ಹೊಸ ಹಾಡುಗಳಲ್ಲಿ ಅದು ಮುಂದೆ ಇರಬೇಕು. ಎರಡು, ಶುರುವಿನ 19 ಜನರ ತಂಡದಲ್ಲಿ ಹೆಣ್ಣು ಅಂದ್ರೆ ಇಸೈವಾಣಿ ಒಬ್ಬರೇ. ಜಾತಿ ಬಿಟ್ಟವರ ತಂಡದಲ್ಲಿ ಈ ಲೆಕ್ಕ ಸರಿ ಕಾಣಲ್ಲ. ಅದೇ ಇಸೈವಾಣಿ 2020ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿಗೆ ಬಂದರು.

ಹಲಗಿ ಎತ್ತಿಕೊಂಡದ್ದು ಚೆನ್ನೈನವರೇ ಮೊದಲಲ್ಲ. ಗಡಿ ದಾಟಿದರೆ ಆಂಧ್ರದಲ್ಲಿ 1994ರಲ್ಲಿ ಮಾದಿಗರು ಒಳಮೀಸಲಾತಿ ಹೋರಾಟಕ್ಕೆ ಇಟ್ಟ ಹೆಸರೇ ದಂಡೋರ, ಅಂದ್ರೆ ಡಂಗುರ. ಊರ ಗೌಡನ ಆಜ್ಞೆ ಸಾರುತ್ತಿದ್ದ ಡಪ್ಪು ನಮ್ಮ ಬೇಡಿಕೆ ಸಾರಿತು. ನಮ್ಮ ರಾಜ್ಯದಲ್ಲೇ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗೆ.

ಆದ್ರೂ ಒಂದು ಎಚ್ಚರ ಇರಬೇಕು. ವೇದಿಕೆ ಮೇಲೆ ಹಲಗಿಗೆ ಚಪ್ಪಾಳೆ ಹೊಡೆದ ಕೈಗಳೇ ನಾಳೆ ಊರಲ್ಲಿ ಹೆಣದ ಮುಂದೆ ಬಾರಿಸಾಕ ಬಾ ಅಂತ ಕರೀತಾವೆ. ಅದಕ್ಕೇ ನನ್ನ ಲೆಕ್ಕ ಇಷ್ಟು: ಯಾರು ಕರೆದರು, ಯಾವುದಕ್ಕೆ ಕರೆದರು, ಕೂಲಿ ಎಷ್ಟು, ಒಲ್ಲೆ ಅಂದ್ರೆ ನಡೀತದೋ ಇಲ್ಲೋ. ಒಲ್ಲೆ ಅನ್ನಾಕ ಬರದ ಕಡೆ ಹಲಗಿ ಇವತ್ತೂ ಚಾಕರಿನೇ. ಬರೋ ಕಡೆ ಅದು ನಮ್ಮದು.

ಹಿರಿಯರು ಅವತ್ತು ಕೆಳಗಿಡದೇ ಇದ್ದಿದ್ರೆ ಇವತ್ತು ಹುಡುಗರಿಗೆ ಎತ್ತಿಕೊಳ್ಳೋ ಧೈರ್ಯ ಬರ್ತಿರಲಿಲ್ಲ. ಈ ಮಾತು ಅವರ ಮನೆಗೆ ಹೋಗಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, "ಹಲಗಿ ಕಾಸಾಕ ಬರ್ತದೇನು ಆ ಹುಡುಗ್ರಿಗೆ? ಬೆಂಕಿ ಹಚ್ಚಿ ಸುಟ್ಟಗಿಟ್ಟಾರು" ಅಂದ್ರು. ಏಪ್ರಿಲ್ 14ಕ್ಕೆ ಬೆಂಕಿ ಮುಂದೆ ಅವರೇ ಕೂಡ್ತಾರಂತೆ. ಹತ್ತಿರದವರು ಬನ್ನಿ.

ಜೈ ಭೀಮ್.