ಹುಲಿಕಲ್ಲಿಗೆ ಯಾವಾಗ ಹೋಗುವುದು

ನಮ್ಮ ಸೀಮೆಯಲ್ಲಿ ಎಲೆಗೆ ಬಣ್ಣ ಬರುವುದು ಉದುರುವಾಗಲ್ಲ, ಚಿಗುರುವಾಗ. ಶಿವರಾತ್ರಿಯ ಆಸುಪಾಸಿನಲ್ಲಿ ಅರಳಿಮರ ಬೋಳಾಗುತ್ತದೆ. ನೋಡನೋಡುತ್ತಿದ್ದಂತೆ ತಾಮ್ರದ ಬಣ್ಣದ ಎಳೆ ಎಲೆ ಜೋಲಾಡತೊಡಗುತ್ತದೆ. ಆಲದ ಮೊಗ್ಗು ಬಿಚ್ಚಿ ಅದರ ಹೊದಿಕೆ ದಾರಿಯ ತುಂಬ ಉದುರುತ್ತದೆ. ಯುಗಾದಿಗೆ ಹೊಂಗೆ ಮಿರಮಿರ ಮಿಂಚುತ್ತದೆ. ಶರದೃತುವಿನಲ್ಲಿ ಬಣ್ಣ ಬೇಕೆಂದರೆ ಮರ ಬಿಟ್ಟು ಹೊಲದ ಕಡೆ ನೋಡಬೇಕು: ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಹಳದಿ ಹುಚ್ಚೆಳ್ಳು, ಬೇಲಿಯಲ್ಲಿ ತಂಗಡಿ.

ಅಮೆರಿಕದಲ್ಲಿರುವ ಅಕ್ಕನ ಮಗಳು ಅಕ್ಟೋಬರ್ ಬಂತೆಂದರೆ ವರ್ಮಾಂಟಿನ ಮೇಪಲ್ ಮರಗಳ ಫೋಟೊ ಕಳಿಸುತ್ತಾಳೆ. ಅಲ್ಲಿ ಜನ ಮನೆಯ ವಯಸ್ಸಾದವರನ್ನೂ ಕಾರಿನಲ್ಲಿ ಕೂರಿಸಿಕೊಂಡು ಎಲೆ ನೋಡಲೆಂದೇ ಹೋಗುತ್ತಾರೆ. ಆ ಗುಡ್ಡಗಳಿಗೂ ಒಂದು ಕಥೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕುರಿ ಮೇಯಿಸಲು ಬೋಳು ಮಾಡಿದ್ದ ನೆಲ ಅದು. ರೈತರು ಬಿಟ್ಟುಹೋದ ಮೇಲೆ ತಾನಾಗಿ ಕಾಡಾಯಿತು. ಅಕ್ಕೂರಿನ ನನ್ನ ಸೋದರತ್ತೆಗೆ ಎಂಬತ್ತು ದಾಟಿದೆ. ಫೋಟೊ ನೋಡಿ, "ಉದುರೋ ಎಲೆ ನೋಡಾಕೆ ಕಾಸು ಕೊಟ್ಟು ಹೋಯ್ತಾರಾ?" ಎಂದು ನಕ್ಕಳು. ಆಮೇಲೆ ಅವಳೇ, "ಆವಮ್ಮನ ಮರ ಎಲ್ಲವೆ, ಅದ ತೋರ್ಸು" ಅಂದಳು.

ಆವಮ್ಮ ಅಂದರೆ ಸಾಲುಮರದ ತಿಮ್ಮಕ್ಕ. 2019ರ ಮಾರ್ಚಿನಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳ ತಲೆ ಮುಟ್ಟಿ ಹರಸಿದ್ದನ್ನು ಅತ್ತೆ ಟೀವಿಯಲ್ಲಿ ನೋಡಿದ್ದಾಳೆ. ಅವರ ಮರಗಳಿರುವುದು ನಮ್ಮ ಜಿಲ್ಲೆಯಲ್ಲೇ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ. ಹೀಗೆ ನಮ್ಮ ಪ್ರಯಾಣದ ಯೋಜನೆ ಶುರುವಾಯಿತು: ಅಕ್ಕೂರಿಂದ ಚನ್ನಪಟ್ಟಣ, ರಾಮನಗರ, ಮಾಗಡಿ, ಕುದೂರು, ಹುಲಿಕಲ್. ಎತ್ತರದ ಗಾಡಿ ಬೇಡ, ಅತ್ತೆಗೆ ಮಂಡಿ ಬಗ್ಗುವುದಿಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇ ಅಂತೂ ಬೇಡವೇ ಬೇಡ. 2023ರಲ್ಲಿ ಉದ್ಘಾಟನೆಯಾದ ಆ 118 ಕಿಲೋಮೀಟರ್ ದಾರಿ ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿಕೊಂಡು ಹೋಗುತ್ತದೆ. ಅದೇ ವರ್ಷದ ಆಗಸ್ಟಿನಿಂದ ಬೈಕು, ಆಟೊ, ಟ್ರ್ಯಾಕ್ಟರಿಗೆ ಅಲ್ಲಿ ಪ್ರವೇಶವಿಲ್ಲ, ಉಳಿದವರು ನಿಲ್ಲಿಸುವಂತಿಲ್ಲ. ಗಂಟೆಗೊಮ್ಮೆ ಇಳಿಯಬೇಕಾದ ಮುದುಕಿಗೆ ಹಳೇ ರಸ್ತೆಯೇ ಸರಿ.

ಹಳೇ ರಸ್ತೆಯೆಂದರೆ ಅತ್ತೆಗೆ ಮರಗಳ ಪಟ್ಟಿ. ಇಲ್ಲಿ ಜೋಡಿ ಹುಣಸೆ, ಅಲ್ಲಿ ಲಾಳ ಕಟ್ಟುವವನು ಕೂರುತ್ತಿದ್ದ ಗೋಣಿಮರ, ಆಮೇಲೆ ಗಾಡಿ ಬಿಡುವ ತೋಪು. ಸಂತೆಗೆ ಹೊರಟ ಗಾಡಿ ಬಿಸಿಲೇರಿದಾಗ ತೋಪಿನಲ್ಲಿ ನೊಗ ಇಳಿಸುತ್ತಿತ್ತು. ಯಾರೋ ಹೂಡಿ ಹೋದ ಮೂರು ಕಲ್ಲಿನ ಒಲೆಯಲ್ಲಿ ಇನ್ಯಾರೋ ಬೇಯಿಸಿಕೊಳ್ಳುತ್ತಿದ್ದರು. ಹೊರೆ ಹೊತ್ತವರಿಗೆ ಎದೆಮಟ್ಟದ ಕಲ್ಲು, ಬೇಸಿಗೆಯಲ್ಲಿ ಅರವಟಿಗೆಯ ನೀರು. ಇವೆಲ್ಲ ಒಂದೇ ವ್ಯವಸ್ಥೆಯ ಅಂಗಗಳು. ಸೊಬಗಿಗೆ ನೆಟ್ಟ ಮರಗಳಲ್ಲ ಅವು, ಎತ್ತಿಗೂ ಕಾಲಿಗೂ ಬೇಕಾದ ನೆರಳು.

ಅಶೋಕನು ರಸ್ತೆಯ ಇಕ್ಕೆಲಗಳಲ್ಲಿ ಸಾಲುಮರಗಳನ್ನು ನೆಡಿಸಿದನು ಎಂಬ ವಾಕ್ಯಕ್ಕೆ ನಾನು ಸಮಾಜ ಪಾಠದ ಮೇಷ್ಟ್ರಾಗಿ ಕೊಟ್ಟ ಅಂಕಗಳಿಗೆ ಲೆಕ್ಕವಿಲ್ಲ. ಮುಂದಿನ ಮಾತನ್ನು ಮಕ್ಕಳು ಬರೆಯುವುದಿಲ್ಲ: ದನಕರುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ಆಲ ನೆಡಿಸಿದೆ ಎಂದು ಶಾಸನದಲ್ಲೇ ಇದೆ. ದನದ ಹೆಸರು ಮೊದಲು ಬರುವುದು ನನಗೆ ಇಷ್ಟ. ಎರಡು ಸಾವಿರ ವರ್ಷದ ಮೇಲೆ, 1831ರಿಂದ 1881ರವರೆಗಿನ ಕಮಿಷನರ್ ಆಡಳಿತದಲ್ಲಿ ಮೈಸೂರು ಸಂಸ್ಥಾನದ ಗಾಡಿರಸ್ತೆಗಳು ಆದಾಗಲೂ ಲೆಕ್ಕ ಅದೇ. ರಸ್ತೆಯ ಜೊತೆಗೆ ಮರ, ಊರಿಗೊಂದು ಗುಂಡುತೋಪು. ತೋಳುಗಾತ್ರದ ಆಲದ ಕೊಂಬೆ ಕಡಿದು, ಮೇಲಿನ ತುದಿಗೆ ಸಗಣಿ ಮೆತ್ತಿ, ಮಳೆ ಹಿಡಿದಾಗ ಹೂಳುವುದು ನಮ್ಮ ಜನರ ಪದ್ಧತಿ. ಆಳೆತ್ತರಕ್ಕೆ ಚಿಗುರುವುದರಿಂದ ಆಡಿನ ಬಾಯಿಗೆ ಸಿಗದು. ರಸ್ತೆಬದಿಯ ಹುಣಸೆಹಣ್ಣಿಗೆ ವರ್ಷಾವರ್ಷ ಹರಾಜು, ಹೊಂಗೆಸೊಪ್ಪು ಗದ್ದೆಗೆ, ತರಗು ತಿಪ್ಪೆಗೆ.

ಬಸ್ಸು ಬಂತು, ಟಾರು ಬಂತು, ಗಾಡಿ ಹೋಯಿತು. ನೆರಳು ಬೇಕಾದವರೇ ರಸ್ತೆಯಲ್ಲಿ ಇಲ್ಲವಾದ ಮೇಲೆ ಮರ ಅಡ್ಡ ಅನ್ನಿಸಿತು. ಪತ್ರಿಕೆಗಳು 'ರಸ್ತೆಬದಿಯ ಮರಕ್ಕೆ ಬಸ್ ಡಿಕ್ಕಿ' ಎಂದು ಬರೆಯುತ್ತವೆ, ಓದಿದರೆ ಮರವೇ ದಾರಿಗೆ ನುಗ್ಗಿದಂತಿರುತ್ತದೆ. 1976ರಲ್ಲೇ ಮರ ಸಂರಕ್ಷಣೆಗೆ ರಾಜ್ಯದಲ್ಲಿ ಕಾಯ್ದೆ ಬಂದಿತ್ತು. ಆದರೂ ಅಗಲೀಕರಣದ ಪ್ರತಿ ಸುತ್ತಿನಲ್ಲೂ ಮೈಸೂರು ರಸ್ತೆಯ ಸಾಲು ತೆಳ್ಳಗಾಗುತ್ತಲೇ ಬಂತು.

ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಮರ ನೆಡತೊಡಗಿದ್ದು ಈ ಹಳೇ ಲೆಕ್ಕ ಇನ್ನೂ ಉಸಿರಾಡುತ್ತಿದ್ದ ಕಾಲದಲ್ಲಿ. ಇಬ್ಬರೂ ಕೂಲಿಯವರು, ಮಕ್ಕಳಿರಲಿಲ್ಲ. ಆಲದ ಸಸಿಗಳನ್ನು ಮಳೆಗಾಲಕ್ಕೆ ಸರಿಯಾಗಿ ನೆಟ್ಟು, ದನ ತಿನ್ನದಂತೆ ಮುಳ್ಳು ಕಟ್ಟಿ, ಕೊಡದಲ್ಲಿ ನೀರು ಹೊತ್ತರು. ನಾಲ್ಕು ಕಿಲೋಮೀಟರಿಗೂ ಮಿಕ್ಕಿದ ದಾರಿಯಲ್ಲಿ 385 ಮರ. ಅದನ್ನು ಮಕ್ಕಳಿಲ್ಲದ ತಾಯಿಯ ಕಥೆಯಾಗಿಯೇ ಎಲ್ಲರೂ ಹೇಳುತ್ತಾರೆ. ನನಗೆ ಕಾಣುವುದು ಬೇರೆ: ಹಿಂದೆ ಅರಸರು, ದಿವಾನರು ಮಾಡಿಸುತ್ತಿದ್ದ ರಸ್ತೆ ಕೆಲಸವನ್ನು ಇಬ್ಬರು ಕೂಲಿಯವರು ಸಂಬಳವಿಲ್ಲದೆ ಮಾಡಿ ಮುಗಿಸಿದರು. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣ ಈ ಮರಗಳ ಬುಡಕ್ಕೂ ಬಂದಾಗ ತಿಮ್ಮಕ್ಕನೇ ಮುಖ್ಯಮಂತ್ರಿ ಕುಮಾರಸ್ವಾಮಿಯವರಲ್ಲಿ ಕೇಳಿಕೊಳ್ಳಬೇಕಾಯಿತು, ಮರ ಉಳಿದವು. ಅವರು ತೀರಿಕೊಂಡದ್ದು 2025ರ ನವೆಂಬರ್ 14ರಂದು. ಅವರ ಹೆಸರಿನಲ್ಲಿ ಸರ್ಕಾರ ರಾಜ್ಯದ ಉದ್ದಗಲಕ್ಕೂ ವೃಕ್ಷೋದ್ಯಾನ ಮಾಡಿದೆ. ಬೇಲಿ, ಗೇಟು, ಬೆಂಚು ಎಲ್ಲ ಇವೆ. ಸಾಲು ಮಾತ್ರ ಇರಬೇಕಾದದ್ದು ರಸ್ತೆಯಲ್ಲಿ.

ಇಷ್ಟನ್ನೂ ಅತ್ತೆಗೆ ಹೇಳಿ, ಶಿವರಾತ್ರಿ ಕಳೆದ ಮೇಲೆ ಹೊರಡೋಣ, ಚಿಗುರು ಚೆನ್ನಾಗಿರುತ್ತೆ ಅಂದೆ. ಅವಳು ಒಪ್ಪಲಿಲ್ಲ. ಅವಳ ಕಾಲದ ಮದುವೆಗಳಲ್ಲಿ ಊಟ ಆಲದೆಲೆಯ ಮೇಲೆ. ಹೆಂಗಸರು ಜಗುಲಿಯಲ್ಲಿ ಕೂತು ಎಲೆ ಹಚ್ಚುತ್ತಿದ್ದರು: ನಡುವೆ ಒಂದು ದೊಡ್ಡೆಲೆ, ಸುತ್ತ ಒಂದರ ಮೇಲೊಂದು ಅಂಚು ಸೇರಿಸಿ, ಸೀಳಿದ ಬಿದಿರುಕಡ್ಡಿಯಿಂದ ಚುಚ್ಚಿ ಮುರಿಯುವುದು. ಸಾರು ಸೋರಿದರೆ ಹಚ್ಚಿದವಳ ಮಾನ ಹೋಯಿತು. ಒಣಗಿಸಿ, ಕಟ್ಟು ಕಟ್ಟಿ, ಕಲ್ಲು ಹೇರಿ ಇಟ್ಟರೆ ತಿಂಗಳುಗಟ್ಟಲೆ ಬರುತ್ತಿತ್ತು. ಅತ್ತೆಯ ಬೆರಳಿಗೆ ಆ ಅಳತೆ ಈಗಲೂ ಗೊತ್ತು.

"ಶಿವರಾತ್ರಿಗೆ ಎಲೆ ಎಳೇದು ಕಣೋ, ಹಚ್ಚಿದ್ರೆ ಹರಿಯುತ್ತೆ. ಮಳೆ ಹುಯ್ದು ದಪ್ಪ ಆಗ್ಲಿ, ಆಗ ಹೋಗವ."

"ಅತ್ತೆ, ಅದು ಸರ್ಕಾರದ ಮರ. ಕೀಳಂಗಿಲ್ಲ. ನೋಡ್ಕೊಂಡ್ ಬರೋದಷ್ಟೆ."

"ನೋಡಾಕಾ? ಆಲದೆಲೇನ ನಾನು ನೋಡಿಲ್ವಾ?"

ಶಿವರಾತ್ರಿಯೋ ಮಳೆಗಾಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬಾಡಿಗೆ ಕಾರಿನ ಹುಡುಗ ದಿನ ಗೊತ್ತು ಮಾಡಿ ಹೇಳಿ ಸಾರ್ ಎಂದು ಆಗಲೇ ಕೇಳಿದ್ದಾನೆ.