ಕುದುರೆಮುಖ: ಅಗೆಯುವ ಯೋಜನೆ, ಮುಚ್ಚುವ ಯೋಜನೆ

ಪ್ರಶ್ನೆಪತ್ರಿಕೆಯ ‘ಹೊಂದಿಸಿ ಬರೆಯಿರಿ’ ಭಾಗದಲ್ಲಿ ಕೋಲಾರಕ್ಕೆ ಚಿನ್ನ, ಕುದುರೆಮುಖಕ್ಕೆ ಕಬ್ಬಿಣ ಎಂದು ಹೊಂದಿಸಿ ಅಂಕ ಗಳಿಸಿದವರು ನೀವು. ಇಂದು ಆ ಎರಡು ಗಣಿಗಳೂ ನಿಂತುಹೋಗಿವೆ. ಕೋಲಾರದ್ದು ನೆಲದಾಳದ ಕಥೆ. ಅದನ್ನು ಇನ್ನೊಮ್ಮೆ ಬರೆಯುವೆನು. ಕುದುರೆಮುಖದ್ದು ಬೆಟ್ಟವನ್ನೇ ಮೇಲಿನಿಂದ ತೆರೆದು ಅಗೆದ ಕಥೆ. ಅಗೆಯುವುದು ಹೇಗೆಂದು ಅಲ್ಲಿ ಸೊಗಸಾಗಿ ಯೋಚಿಸಲಾಗಿತ್ತು. ಅಗೆದಾದ ಮೇಲೆ ಏನು ಎಂಬುದನ್ನು ಯೋಚಿಸಿದ್ದು ಬಹಳ ತಡವಾಗಿ.

ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಅವರು 1913ರ ಸುಮಾರಿಗೇ ಇಲ್ಲಿ ಅದಿರನ್ನು ಗುರುತಿಸಿದ್ದರು. ಆದರೆ ಅದು ಬಳ್ಳಾರಿಯ ಅದಿರಿನಷ್ಟು ಸತ್ವವುಳ್ಳದ್ದಲ್ಲ. ನೂರಕ್ಕೆ ಸುಮಾರು 38 ಭಾಗ ಮಾತ್ರ ಕಬ್ಬಿಣ; ಉಳಿದುದು ಬಹುಮಟ್ಟಿಗೆ ಬೆಣಚು. ಬಂಡೆಯನ್ನು ಹಿಟ್ಟಿನಂತೆ ಅರೆದು, ಕಬ್ಬಿಣದ ಕಣಗಳನ್ನು ಅಯಸ್ಕಾಂತದಿಂದ ಬೇರ್ಪಡಿಸಿದರೆ ಮಾತ್ರ ಅದಕ್ಕೆ ಬೆಲೆ. ಇಷ್ಟು ದೊಡ್ಡ ಕೆಲಸಕ್ಕೆ ಹಣವೆಲ್ಲಿ? 1975ರಲ್ಲಿ ಇರಾನಿನ ಷಾ ಸರ್ಕಾರದೊಡನೆ ಒಪ್ಪಂದವಾಯಿತು: ಹಣ ಅವರದು, ಅದಿರೂ ಅವರಿಗೇ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. 1979ರ ಕ್ರಾಂತಿಯಲ್ಲಿ ಷಾ ಸಿಂಹಾಸನ ಕಳೆದುಕೊಂಡರು. ಹಣವೂ ನಿಂತಿತು, ಗಿರಾಕಿಯೂ ಹೋದನು. ಆದರೂ 1980ರಲ್ಲಿ ಕಾರ್ಖಾನೆ ಸಿದ್ಧವಾಯಿತು. ಟೆಹರಾನಿನ ಬೀದಿಯ ಘೋಷಣೆಗಳು ಮಲೆನಾಡಿನ ಒಂದು ಕಣಿವೆಯ ಲೆಕ್ಕಾಚಾರವನ್ನು ತಲೆಕೆಳಗು ಮಾಡಿದವು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಏಕೆ ಹೇಳುವುದಿಲ್ಲವೋ!

ಯೋಜನೆಯ ಜಾಣ್ಮೆಯನ್ನು ಮೆಚ್ಚಲೇಬೇಕು. ವರ್ಷಕ್ಕೆ 75 ಲಕ್ಷ ಟನ್ ಸಾಂದ್ರೀಕೃತ ಅದಿರನ್ನು ತಯಾರಿಸುವ ಸಾಮರ್ಥ್ಯ ಆ ಕಾರ್ಖಾನೆಗಿತ್ತು. ಅದನ್ನು ಲಾರಿಗಳಲ್ಲಿ ಸಾಗಿಸದೆ, ನೀರಿನಲ್ಲಿ ಕಲಸಿ 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಮುಟ್ಟಿಸಿದರು. ಅರೆದು ಉಳಿದ ನುಣ್ಣನೆಯ ಹೂಳಿಗಾಗಿ ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಅಡ್ಡಲಾಗಿ ಅಣೆಕಟ್ಟೆ ಕಟ್ಟಿ, ಹೂಳು ಏರಿದಂತೆಲ್ಲ ಅದನ್ನೂ ಎತ್ತರಿಸುತ್ತ ಹೋದರು. ನೀರಾವರಿಗಲ್ಲ, ವಿದ್ಯುತ್ತಿಗಲ್ಲ, ಹೂಳನ್ನು ಹಿಡಿದಿಡಲೆಂದೇ ಕಟ್ಟಿದ ಕಟ್ಟೆ ಅದು.

ಅದೇ ಕಾಲದಲ್ಲಿ, 1977ರಲ್ಲಿ, ಅಮೆರಿಕದಲ್ಲಿ ಅಧ್ಯಕ್ಷ ಕಾರ್ಟರ್ ಅವರು ಕಲ್ಲಿದ್ದಲಿನ ತೆರೆದ ಗಣಿಗಳ ಕಾನೂನಿಗೆ ಸಹಿ ಹಾಕಿದರು. ಮೇಲ್ಮಣ್ಣನ್ನು ಮೊದಲೇ ಬೇರೆಯಾಗಿ ತೆಗೆದು ಕಾಪಾಡಬೇಕು. ಅಗೆದ ನೆಲವನ್ನು ಹೆಚ್ಚುಕಡಿಮೆ ಹಿಂದಿನ ಆಕಾರಕ್ಕೇ ತರಬೇಕು. ಈ ಕೆಲಸಕ್ಕೆ ಬೇಕಾದ ಹಣದ ಭದ್ರತೆಯನ್ನು ಅಪ್ಪಣೆ ಪಡೆಯುವ ಮುನ್ನವೇ ಒದಗಿಸಬೇಕು. ಮೇಲ್ಮಣ್ಣಿಗೆ ಇಷ್ಟು ಮರ್ಯಾದೆ ಏಕೆಂದರೆ, ಬೀಜ, ಬೇರು, ಸೂಕ್ಷ್ಮಜೀವಿಗಳೆಲ್ಲ ಇರುವುದು ಆ ಒಂದೆರಡು ಗೇಣಿನಲ್ಲಿಯೇ. ಅದನ್ನು ಎತ್ತರದ ರಾಶಿಯಾಗಿ ಬಹುಕಾಲ ಬಿಟ್ಟರೆ ಒಳಗೇ ಸತ್ತುಹೋಗುತ್ತದೆ. ಆ ಕಾನೂನಿನಲ್ಲೂ ಕಂಡಿಗಳಿದ್ದವು. ಬೆಟ್ಟದ ತಲೆಯನ್ನೇ ಕತ್ತರಿಸುವ ಗಣಿಗಳಿಗೆ ವಿನಾಯಿತಿ ದೊರೆತು ಅಪಲೇಚಿಯನ್ ಬೆಟ್ಟಗಳು ಬೋಳಾದವು. ಆದರೂ ಮುಚ್ಚುವ ಮಾತನ್ನು ತೆರೆಯುವ ಮೊದಲೇ ಆಡಬೇಕೆಂಬ ತತ್ತ್ವ ಅಲ್ಲಿ ಕಾನೂನಾಯಿತು.

ನಮ್ಮಲ್ಲಿ? ಕುದುರೆಮುಖದ ಗುತ್ತಿಗೆ 1969ರದು, ಸುಮಾರು 4,600 ಹೆಕ್ಟೇರು, 30 ವರ್ಷದ ಅವಧಿ. 1987ರಲ್ಲಿ ಸುತ್ತಲ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಗಣಿ ನಡೆದೇ ಇತ್ತು. ಪ್ರತಿ ಮಳೆಗಾಲ ಭದ್ರೆಯ ನೀರು ಕೆಂಪಾಗುವುದನ್ನು ಕೆಳಗಿನ ಊರುಗಳವರು ಕಂಡರು. 1999ರಲ್ಲಿ ಗುತ್ತಿಗೆ ಮುಗಿದ ಮೇಲೆ ತಾತ್ಕಾಲಿಕ ಅಪ್ಪಣೆಗಳಲ್ಲಿ ಕೆಲಸ ಮುಂದುವರಿಯಿತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2002ರ ಅಕ್ಟೋಬರ್ 30ರ ತೀರ್ಪು 2005ರ ಕೊನೆಯ ಗಡುವು ಕೊಟ್ಟಿತು. ಆ ವರ್ಷದ ಡಿಸೆಂಬರ್ 31ಕ್ಕೆ ಅಗೆತ ನಿಂತಿತು.

ಪ್ರತಿಯೊಂದು ಗಣಿಗೂ ಮುಚ್ಚುವ ಯೋಜನೆ ಇರಲೇಬೇಕೆಂಬ ಭಾರತದ ನಿಯಮ ಬಂದುದು 2003ರಲ್ಲಿ, ಅಂದರೆ ಕುದುರೆಮುಖದ ಆಯುಸ್ಸು ಮೂರು ವರ್ಷಕ್ಕಿಂತ ಕಡಿಮೆ ಉಳಿದಿದ್ದಾಗ. ದೊಡ್ಡ ಗಣಿಗಳು ಇಡಬೇಕಾಗಿದ್ದ ಭದ್ರತೆ ಹೆಕ್ಟೇರಿಗೆ 25,000 ರೂಪಾಯಿ. ಆ ಹಣದಲ್ಲಿ ಒಂದು ಹೆಕ್ಟೇರು ಬೆಟ್ಟವನ್ನು ಮರಳಿ ಕಟ್ಟುವವರು ಯಾರಾದರೂ ಇದ್ದರೆ ನನಗೆ ತೋರಿಸಿಕೊಡಿ. 2017ರಲ್ಲಿ ಅದು 3 ಲಕ್ಷವಾಯಿತು.

ಗಿಡ ನೆಟ್ಟರಾಯಿತಲ್ಲ ಎನ್ನುವವರಿದ್ದಾರೆ. ಅಲ್ಲಿದ್ದುದು ಬರಿಯ ಮರಗಳಲ್ಲ. ನೆತ್ತಿಯ ಮೇಲೆ ಹುಲ್ಲುಗಾವಲು, ಮಡಿಲಿನಲ್ಲಿ ಶೋಲಾ ಕಾಡು. ಮಳೆಯನ್ನು ಸ್ಪಂಜಿನಂತೆ ಹೀರಿ ಬೇಸಿಗೆಯಲ್ಲಿ ಹೊಳೆಗೆ ಬಿಡುವುದು ಈ ಜೋಡಿ. ಬೇಗ ಬೆಳೆಯುವ ಅಕೇಶಿಯಾ ಹಸಿರಾಗಿ ಕಾಣುತ್ತದೆ ನಿಜ, ಹುಲ್ಲುಗಾವಲಿನ ಕೆಲಸ ಮಾಡುವುದಿಲ್ಲ.

ಬಳ್ಳಾರಿ ಸೀಮೆಯಲ್ಲಿ ಕ್ರಮ ತಿರುಗುಮುರುಗಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಲ್ಲಿನ ಗಣಿಗಳನ್ನು ನಿಲ್ಲಿಸಿ, ನೆಲವನ್ನು ಸರಿಪಡಿಸುವ ಯೋಜನೆ ಮಾಡಿಕೊಂಡವರಿಗೆ ಮಾತ್ರ ಮತ್ತೆ ಅಗೆಯಲು ಬಿಟ್ಟಿತು. 2013ರ ತೀರ್ಪಿನಲ್ಲಿ ಅತಿಯಾಗಿ ತಪ್ಪಿ ನಡೆದ 51 ಗುತ್ತಿಗೆಗಳು ರದ್ದಾದವು.

ಲಕ್ಯಾ ಕಣಿವೆಯಲ್ಲಿ ಹೂಳು ಹಾಗೆಯೇ ಇದೆ. ಗಣಿ ನಿಂತರೂ ಆ ಕಟ್ಟೆಗೆ ನಿವೃತ್ತಿಯಿಲ್ಲ. ಮಳೆಗಾಲ ಬಂದಾಗಲೆಲ್ಲ ನೀರಿನ ಕೋಡಿ ತೆರವಾಗಿದೆಯೇ, ಗೋಡೆ ಜಿನುಗುತ್ತಿದೆಯೇ ಎಂದು ಯಾರಾದರೂ ಹೋಗಿ ನೋಡಲೇಬೇಕು. ಈ ವರ್ಷವೂ, ನಮ್ಮ ಮೊಮ್ಮಕ್ಕಳ ಕಾಲದಲ್ಲಿಯೂ.